ಮನಸ್ಸು ಭಾರವಾದಾಗ ಕೌನ್ಸೆಲಿಂಗ್‌ಗೆ ಹೋಗುವುದು ಹೇಗೆ: ಮೊದಲ ಯೋಚನೆಯಿಂದ ಕೊನೆಯ ಸೆಷನ್‌ವರೆಗೆ

ಒಂದು ಚೀಟಿಯನ್ನು ನಾನು ಮೂರು ತಿಂಗಳು ಪರ್ಸಿನಲ್ಲಿ ಇಟ್ಟುಕೊಂಡು ಓಡಾಡಿದ್ದೆ. ಅದರಲ್ಲಿದ್ದದ್ದು ಒಬ್ಬ ಕೌನ್ಸೆಲರ್ ಅವರ ಫೋನ್ ನಂಬರ್. ತೆಗೆದು ನೋಡಿ, ಮಡಿಸಿ, ಮತ್ತೆ ಒಳಗಿಟ್ಟು, ಚೀಟಿ ಮಡಿಕೆಯಲ್ಲೇ ಹರಿಯಲು ಶುರುವಾಗಿತ್ತು. ಫೋನ್ ಮಾಡದೇ ಇದ್ದದ್ದಕ್ಕೆ ದೊಡ್ಡ ಕಾರಣ ಒಂದಿತ್ತು. ಆ ಕಡೆಯಿಂದ 'ಏನು ತೊಂದರೆ?' ಅಂತ ಕೇಳಿದರೆ ಏನು ಹೇಳಬೇಕು ಅಂತಲೇ ಗೊತ್ತಿರಲಿಲ್ಲ. ಕೆಲಸಕ್ಕೆ ಹೋಗುತ್ತಿದ್ದೆ, ಎಲ್ಲರ ಜೊತೆ ನಗುತ್ತಿದ್ದೆ. ಮನೆಯಲ್ಲಿ ಸಾವಾಗಿರಲಿಲ್ಲ, ಕೆಲಸ ಹೋಗಿರಲಿಲ್ಲ. ಆದರೆ ದಿನಾ ಬೆಳಗಿನ ಜಾವ 4 ಗಂಟೆಗೆ ಎಚ್ಚರವಾಗುತ್ತಿತ್ತು. ಹಿಂದಿನ ದಿನ ಯಾರ ಹತ್ತಿರ ಏನು ಮಾತಾಡಿದೆ, ಎಲ್ಲಿ ತಪ್ಪಿದೆ ಅಂತ ಲೆಕ್ಕ ಹಾಕುತ್ತಾ ಮಲಗಿರುತ್ತಿದ್ದೆ. ಹಾಗೇ ಬೆಳಕು ಹರಿಯುತ್ತಿತ್ತು.

ಈ ಬರಹ ಅಂಥ ಸ್ಥಿತಿಯಲ್ಲಿ ಇರುವವರಿಗೆ. ದೊಡ್ಡ ಕಾಯಿಲೆ ಅಂತ ಹೇಳುವ ಹಾಗಿಲ್ಲ, ಸುಮ್ನೆ ಬಿಡುವ ಹಾಗೂ ಇಲ್ಲ. ಕೌನ್ಸೆಲಿಂಗ್‌ನ ಒಂದೊಂದು ಹಂತದಲ್ಲೂ ಕಷ್ಟವಾಗುವುದು ಬಾಯಿಬಿಟ್ಟು ಹೇಳುವುದೇ ಅಂತ ನನಗೆ ಗೊತ್ತಾಗಿದ್ದು ಆಮೇಲೆ. ಮೊದಲು ನಮಗೆ ನಾವೇ ಹೇಳಿಕೊಳ್ಳಬೇಕು. ಆಮೇಲೆ ಫೋನಿನಲ್ಲಿ, ಆಮೇಲೆ ಎದುರು ಕೂತು. ಕೊನೆಗೆ 'ಇದು ನನಗೆ ಸರಿಹೋಗುತ್ತಿಲ್ಲ' ಅಂತ ಅವರಿಗೇ ಹೇಳಬೇಕಾಗಿ ಬರಬಹುದು. ಹಾಗಾಗಿ ಎಲ್ಲಿ ಏನು ಹೇಳಬೇಕು, ಹೇಗೆ ಹೇಳಬೇಕು ಅನ್ನುವುದಕ್ಕೇ ಇಲ್ಲಿ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಒಂದು ಮಾತು ಮೊದಲೇ ಹೇಳಬೇಕು. ಸಾಯುವ ಯೋಚನೆ ಬರುತ್ತಿದ್ದರೆ, ಮೈಗೆ ಗಾಯ ಮಾಡಿಕೊಳ್ಳಬೇಕು ಅನ್ನಿಸುತ್ತಿದ್ದರೆ, ಅಥವಾ ಬೇರೆಯವರಿಗೆ ಕೇಳಿಸದ ದನಿಗಳು ನಿಮಗೆ ಕೇಳಿಸುತ್ತಿದ್ದರೆ ಮುಂದಿನ ವಾರದ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ. ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ಇಲ್ಲವೇ ನಿಮ್ಮಲ್ಲಿರುವ ಸಹಾಯವಾಣಿಗೆ ಈಗಲೇ ಫೋನ್ ಮಾಡಿ. ಒಬ್ಬರೇ ಇರಬೇಡಿ, ಯಾರನ್ನಾದರೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಮನೆಯಲ್ಲಿ ಬೇರೆಯವರ ಬಗ್ಗೆ ಈ ಅನುಮಾನ ಬಂದಿದ್ದರೆ 'ಸಾಯಬೇಕು ಅಂತ ಅನ್ನಿಸುತ್ತಿದೆಯಾ?' ಅಂತ ನೇರವಾಗಿ ಕೇಳಿ. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಕೇಳಿದವರ ಹತ್ತಿರ ಎಷ್ಟೋ ಜನ ಮನಸ್ಸು ಬಿಚ್ಚುತ್ತಾರೆ.

ಇಷ್ಟಕ್ಕೆಲ್ಲ ಹೋಗಬೇಕಾ?

'ನನಗಿಂತ ಕಷ್ಟದಲ್ಲಿ ಇರುವವರು ಎಷ್ಟು ಜನ ಇದ್ದಾರೆ, ನನ್ನದೇನು ಮಹಾ' ಅನ್ನುವ ಮಾತು ಹೆಚ್ಚಿನವರನ್ನು ಬಾಗಿಲಲ್ಲೇ ತಡೆಯುತ್ತದೆ. ಕಾಲು ಉಳುಕಿದಾಗ ನಾವು ಹೀಗೆ ಯೋಚಿಸುವುದಿಲ್ಲ ಅಲ್ವಾ? ಪಕ್ಕದವರ ಕಾಲು ಮುರಿದಿದೆ ಅಂತ ನಮ್ಮ ಉಳುಕಿಗೆ ಪಟ್ಟಿ ಕಟ್ಟಿಸದೆ ಬಿಡುವುದಿಲ್ಲ.

ನಾನು ನೋಡುವುದು ಮೂರೇ ವಿಷಯ. ಎಷ್ಟು ದಿನದಿಂದ ಇದೆ? ದಿನದ ಬದುಕಿನಲ್ಲಿ ಏನನ್ನು ಕಿತ್ತುಕೊಳ್ಳುತ್ತಿದೆ? ನಾನಾಗಿ ಮಾಡಿ ನೋಡಿದ್ದು ಕೆಲಸ ಮಾಡಿತಾ? ಬೇಸರವೋ ಭಯವೋ ಎರಡು ವಾರ ದಾಟಿದೆ, ನಿದ್ದೆಯನ್ನೋ ಕೆಲಸವನ್ನೋ ಸಂಬಂಧವನ್ನೋ ಕೆಡಿಸುತ್ತಿದೆ, ಸ್ನೇಹಿತರ ಹತ್ತಿರ ಹೇಳಿಕೊಂಡರೂ ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತಿದೆ ಅಂದರೆ ಹೋಗುವ ಹೊತ್ತಾಗಿದೆ. ಎರಡು ವಾರ ಅನ್ನುವುದು ಎಲ್ಲಿಂದಲೋ ಬಂದ ಲೆಕ್ಕವಲ್ಲ. ಖಿನ್ನತೆಯನ್ನು ಗುರುತಿಸಲು ವೈದ್ಯರು ಬಳಸುವ ಅಳತೆಯಲ್ಲೂ ಲಕ್ಷಣಗಳು ಕಡಿಮೆ ಅಂದರೆ ಎರಡು ವಾರ ಇರಬೇಕು ಅಂತ ಇದೆ.

ಪಿಎಚ್‌ಕ್ಯೂ-9 ಅನ್ನುವ, ಖಿನ್ನತೆ ಅಳೆಯುವ ಪುಟ್ಟ ಪ್ರಶ್ನಾವಳಿ ಇದೆ. ಹಿಂದಿನ ಎರಡು ವಾರದ ಬಗ್ಗೆ 9 ಪ್ರಶ್ನೆ, ಒಂದೊಂದಕ್ಕೂ 0ಯಿಂದ 3 ಅಂಕ, ಒಟ್ಟು 27. ಮೊತ್ತ 10 ಅಥವಾ ಜಾಸ್ತಿ ಬಂದರೆ ತಜ್ಞರಿಗೆ ತೋರಿಸುವುದು ಒಳ್ಳೆಯದು. ಆತಂಕಕ್ಕೆ ಜಿಎಡಿ-7 ಅಂತ ಇದೆ, ಅದರಲ್ಲಿ 7 ಪ್ರಶ್ನೆ, 21 ಅಂಕ. ಇವು ಜ್ವರ ನೋಡುವ ಥರ್ಮಾಮೀಟರ್ ಇದ್ದ ಹಾಗೆ. ಜ್ವರ ಇದೆಯಾ ಇಲ್ಲವಾ ಗೊತ್ತಾಗುತ್ತದೆ, ಯಾಕೆ ಬಂತು ಅಂತ ಗೊತ್ತಾಗುವುದಿಲ್ಲ. ಅಂಕ ಕಡಿಮೆ ಬಂತು ಅಂತ ಹಿಂದೆ ಸರಿಯಬೇಡಿ. ಗಂಡ ಹೆಂಡತಿಯ ಜಗಳ, ಅಪ್ಪನ ಮೇಲಿನ ಹಳೆಯ ಸಿಟ್ಟು, ಕೆಲಸ ಬಿಡಬೇಕೋ ಬೇಡವೋ ಅನ್ನುವ ಗೊಂದಲ, ಇವೆಲ್ಲ ಯಾವ ಅಂಕಕ್ಕೂ ಸಿಗದ ವಿಷಯಗಳು. ಆದರೂ ಕೌನ್ಸೆಲಿಂಗ್‌ನಲ್ಲಿ ದಿನಾ ಬರುವ ವಿಷಯಗಳು. ಪಿಎಚ್‌ಕ್ಯೂ-9ರ ಒಂಬತ್ತನೇ ಪ್ರಶ್ನೆ ಸಾಯುವ, ಗಾಯ ಮಾಡಿಕೊಳ್ಳುವ ಯೋಚನೆಯ ಬಗ್ಗೆ ಕೇಳುತ್ತದೆ. ಅದಕ್ಕೆ 0 ಬಿಟ್ಟು ಬೇರೆ ಏನೇ ಬಂದರೂ ಒಟ್ಟು ಮೊತ್ತ ನೋಡುತ್ತಾ ಕೂರಬೇಡಿ, ಆ ವಿಷಯವನ್ನೇ ಮೊದಲು ಡಾಕ್ಟರಿಗೆ ಹೇಳಿ.

ಒಂದು ವಾರ ಬರೆದಿಡಿ

ಫೋನ್ ಮಾಡುವ ಮೊದಲು ಒಂದು ವಾರ ದಿನಕ್ಕೆ ನಾಲ್ಕೈದು ಸಾಲು ಬರೆಯಿರಿ. ಡೈರಿಯ ಹಾಗೆ ಚೆನ್ನಾಗಿ ಬರೆಯಬೇಕಾಗಿಲ್ಲ. ಏನಾಯಿತು, ಮೈಯಲ್ಲಿ ಏನನ್ನಿಸಿತು, ತಲೆಯಲ್ಲಿ ಏನು ಓಡಿತು, ಆಮೇಲೆ ನೀವೇನು ಮಾಡಿದಿರಿ, ಇಷ್ಟು ಸಾಕು. ನನ್ನ ಆ ವಾರದ ಒಂದು ಟಿಪ್ಪಣಿ ಹೀಗಿತ್ತು:

'ಮಂಗಳವಾರ. ತಂಗಿ ಫೋನ್ ಎತ್ತಲಿಲ್ಲ. ಎದೆ ಬಿಗಿಯಿತು. ಮೊನ್ನೆ ನಾನು ಆಡಿದ ಮಾತಿಗೆ ಬೇಜಾರಾಗಿದೆ ಅಂದುಕೊಂಡೆ. ನಾಲ್ಕು ಸಲ ಮೆಸೇಜ್ ಟೈಪ್ ಮಾಡಿ ಅಳಿಸಿದೆ. ರಾತ್ರಿ ಅವಳೇ ಫೋನ್ ಮಾಡಿದಳು, ಮೊಬೈಲ್ ಚಾರ್ಜ್ ಇರಲಿಲ್ಲವಂತೆ. ಆದರೂ ನಿದ್ದೆ ಬರಲಿಲ್ಲ.'

ವಾರದ ಕೊನೆಗೆ ಎಲ್ಲ ಒಟ್ಟಿಗೆ ಓದಿದಾಗ ನನ್ನ ತೊಂದರೆಗೆ ಒಂದು ಹೆಸರು ಸಿಕ್ಕಿತು: 'ಯಾರಾದರೂ ನನ್ನ ಮೇಲೆ ಬೇಜಾರಾಗಿದ್ದಾರೆ ಅಂತ ಅನ್ನಿಸಿದರೆ ಇಡೀ ದಿನ ಬೇರೆ ಏನೂ ಮಾಡಲು ಆಗುವುದಿಲ್ಲ.' ಮೂರು ತಿಂಗಳು ಹುಡುಕುತ್ತಿದ್ದ ವಾಕ್ಯ ಇದೇ. ನೀವೂ ಅಂಥದ್ದೊಂದು ವಾಕ್ಯ ಸಿಗುವವರೆಗೆ ಬರೆಯಿರಿ. ಸಿಗದಿದ್ದರೂ ಚಿಂತೆ ಇಲ್ಲ, ಟಿಪ್ಪಣಿಗಳನ್ನೇ ತೆಗೆದುಕೊಂಡು ಹೋಗಿ.

ಇದೇ ವಾರದಲ್ಲಿ ಮಾಮೂಲಿ ಡಾಕ್ಟರ್ ಹತ್ತಿರವೂ ಒಮ್ಮೆ ತೋರಿಸಿಕೊಳ್ಳಿ. ಥೈರಾಯ್ಡ್ ಏರುಪೇರು, ರಕ್ತಹೀನತೆ, ಬಿ12 ಕೊರತೆ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ, ಕೆಲವು ಮಾತ್ರೆಗಳ ಅಡ್ಡಪರಿಣಾಮ, ಇವು ಸುಸ್ತು, ಬೇಸರ, ಎದೆಬಡಿತವಾಗಿ ಕಾಣಿಸಿಕೊಳ್ಳಬಹುದು. ರಕ್ತಪರೀಕ್ಷೆಯಲ್ಲಿ ಸಿಕ್ಕುವ ಉತ್ತರಕ್ಕಾಗಿ ಆರು ತಿಂಗಳು ಬಾಲ್ಯದ ಕಥೆ ಹೇಳುತ್ತಾ ಕೂರುವ ಹಾಗೆ ಆಗಬಾರದು.

ಯಾರ ಹತ್ತಿರ ಹೋಗಬೇಕು?

ಹೆಸರುಗಳು ಗೊಂದಲ ಹುಟ್ಟಿಸುತ್ತವೆ. ಮನೋವೈದ್ಯರು ಅಂದರೆ ಮೆಡಿಕಲ್ ಓದಿ ಆಮೇಲೆ ಮನಸ್ಸಿನ ಕಾಯಿಲೆಗಳಲ್ಲಿ ಪರಿಣತಿ ಪಡೆದವರು. ಔಷಧಿ ಬರೆದುಕೊಡುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂದರೆ ಮನಃಶಾಸ್ತ್ರ ಓದಿ, ಕಾಯಿಲೆ ಇರುವವರ ಜೊತೆ ಕೆಲಸ ಮಾಡಿ ತರಬೇತಿ ಪಡೆದವರು. ಪರೀಕ್ಷೆಗಳನ್ನು ಮಾಡುತ್ತಾರೆ, ಥೆರಪಿ ಅಂದರೆ ಮಾತಿನ ಮೂಲಕ ಚಿಕಿತ್ಸೆ ಕೊಡುತ್ತಾರೆ. ಕೌನ್ಸೆಲರ್ ಅಥವಾ ಆಪ್ತಸಮಾಲೋಚಕರು ಸಾಮಾನ್ಯವಾಗಿ ದಿನನಿತ್ಯದ ತೊಂದರೆಗಳಲ್ಲಿ ಕೆಲಸ ಮಾಡುತ್ತಾರೆ: ಸಂಬಂಧ, ಒತ್ತಡ, ದುಃಖ, ನಿರ್ಧಾರ. ಸೈಕೋಥೆರಪಿ ಇನ್ನೂ ಆಳಕ್ಕೆ ಇಳಿಯುವ, ಜಾಸ್ತಿ ದಿನ ನಡೆಯುವ ಕೆಲಸ. ಎರಡರ ನಡುವೆ ಗೆರೆ ಎಳೆದ ಹಾಗೆ ಇರುವುದಿಲ್ಲ.

ಇಲ್ಲಿ ಎಚ್ಚರ ಬೇಕು. 'ಕೌನ್ಸೆಲರ್' ಅನ್ನುವ ಬೋರ್ಡನ್ನು ಎಷ್ಟೋ ಕಡೆ ಯಾರು ಬೇಕಾದರೂ ಹಾಕಿಕೊಳ್ಳಬಹುದು. ಅದಕ್ಕೇ ಏನು ಓದಿದ್ದಾರೆ, ಎಲ್ಲಿ ತರಬೇತಿ ಪಡೆದಿದ್ದಾರೆ, ನೋಂದಣಿ ಇದೆಯಾ ಅಂತ ಕೇಳಿ. ತಮ್ಮ ಕೆಲಸವನ್ನು ಇನ್ನೊಬ್ಬ ಹಿರಿಯರ ಹತ್ತಿರ ಚರ್ಚಿಸುತ್ತಾರಾ ಅಂತಲೂ ಕೇಳಿ. ಈ ವೃತ್ತಿಯಲ್ಲಿ ಅದಕ್ಕೆ ಸೂಪರ್‌ವಿಷನ್ ಅನ್ನುತ್ತಾರೆ. ಅದು ಇರುವವರು ತಮ್ಮ ಕೆಲಸವನ್ನು ಇನ್ನೊಬ್ಬರ ಕಣ್ಣಿಗೆ ಒಡ್ಡಿಕೊಳ್ಳುತ್ತಿದ್ದಾರೆ ಅಂತ ಅರ್ಥ. 'ಮೂರು ಸೆಷನ್‌ನಲ್ಲಿ ಗ್ಯಾರಂಟಿ ವಾಸಿ' ಅನ್ನುವವರನ್ನು ಬಿಟ್ಟುಬಿಡಿ. ನೆಂಟರು, ಸ್ನೇಹಿತರು ಥೆರಪಿಸ್ಟ್ ಆಗಿದ್ದರೂ ಅವರ ಹತ್ತಿರ ಹೋಗಬೇಡಿ. ಒಳ್ಳೆಯ ಥೆರಪಿಸ್ಟ್ ಆದರೆ ಅವರೇ ಬೇಡ ಅನ್ನುತ್ತಾರೆ, ಬೇರೆಯವರ ಹೆಸರು ಕೊಡುತ್ತಾರೆ. ನಂಬಿಕೆಯ ಡಾಕ್ಟರನ್ನೋ, ಕೌನ್ಸೆಲಿಂಗ್‌ಗೆ ಹೋಗಿ ಬಂದವರನ್ನೋ ಕೇಳಿ ಎರಡು ಮೂರು ಹೆಸರು ಒಟ್ಟು ಮಾಡಿಕೊಳ್ಳಿ. ಒಂದೇ ಹೆಸರಿಗೆ ಜೋತುಬಿದ್ದರೆ, ಅವರ ಹತ್ತಿರ ಸಮಯ ಇಲ್ಲ ಅಂದ ದಿನ ಮತ್ತೆ ಮೂರು ತಿಂಗಳು ಹೋಗುತ್ತದೆ.

ಮಾತ್ರೆಯೋ ಮಾತೋ ಅನ್ನುವ ಜಗಳ ನನಗೆ ಅರ್ಥವಾಗುವುದಿಲ್ಲ. ಸಾಮಾನ್ಯ ಬೇಸರ, ಆತಂಕಕ್ಕೆ ಮಾತೊಂದೇ ಸಾಕಾಗಬಹುದು. ಏಳಲೂ ಆಗದ ಸ್ಥಿತಿಯಲ್ಲಿ ಇರುವವರಿಗೆ ಮಾತ್ರೆ ಕೈಹಿಡಿದು ಎಬ್ಬಿಸುತ್ತದೆ, ಆಗ ಮಾತಿಗೆ ಜಾಗ ಸಿಗುತ್ತದೆ. ಖಿನ್ನತೆಯ ಮಾತ್ರೆಗಳ ಪರಿಣಾಮ ಕಾಣಲು ಕೆಲವು ವಾರ ಬೇಕು. ಶುರು ಮಾಡಿದ ಮೇಲೆ ಡಾಕ್ಟರನ್ನು ಕೇಳದೆ ತಟ್ಟನೆ ನಿಲ್ಲಿಸಬೇಡಿ.

ಫೋನ್ ಮಾಡುವುದು

ಎರಡು ನಿಮಿಷದ ಕೆಲಸ, ಆದರೂ ಇಲ್ಲೇ ಜಾಸ್ತಿ ಜನ ನಿಲ್ಲುವುದು. ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು ಓದಿಬಿಡಿ: 'ನಮಸ್ಕಾರ. ನನಗೆ ಕೌನ್ಸೆಲಿಂಗ್ ಬೇಕಿತ್ತು. ಕೆಲವು ತಿಂಗಳಿಂದ ತುಂಬಾ ಆತಂಕ, ನಿದ್ದೆ ಸರಿಯಿಲ್ಲ. ಹೊಸಬರನ್ನು ತಗೊಳ್ಳುತ್ತೀರಾ? ಒಂದು ಸೆಷನ್ ಎಷ್ಟು ಹೊತ್ತು, ಫೀಸ್ ಎಷ್ಟು, ಬರಲು ಆಗದಿದ್ದರೆ ಎಷ್ಟು ಮೊದಲು ಹೇಳಬೇಕು?' ಇಷ್ಟೇ. ಪೂರ್ತಿ ಕಥೆ ಹೇಳಬೇಕಾಗಿಲ್ಲ. ಫೋನ್ ಎತ್ತಿದವರು ರಿಸೆಪ್ಷನ್‌ನವರಾಗಿದ್ದರೆ ಕಾರಣವನ್ನೂ ಹೇಳಬೇಕಾಗಿಲ್ಲ. ಫೀಸ್ ಹೊರೆಯಾಗುತ್ತದೆ ಅನ್ನಿಸಿದರೆ ಕಡಿಮೆ ಮಾಡುವ ವ್ಯವಸ್ಥೆ ಇದೆಯಾ ಅಂತ ಕೇಳಿ, ಇದರಲ್ಲಿ ಸಂಕೋಚ ಬೇಡ. ತರಬೇತಿ ಕೊಡುವ ಸಂಸ್ಥೆಗಳಲ್ಲಿ, ಸರ್ಕಾರಿ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಕಡಿಮೆ ಖರ್ಚಿನಲ್ಲಿ ಆಗುತ್ತದೆ.

ಆನ್‌ಲೈನ್ ಆದರೆ ಒಂದು ಷರತ್ತು: ಬಾಗಿಲು ಹಾಕಿಕೊಳ್ಳುವ ಕೋಣೆ, ಕಿವಿಗೆ ಇಯರ್‌ಫೋನ್. ಮನೆಯಲ್ಲಿ ಗೋಡೆಗೂ ಕಿವಿ ಇದ್ದರೆ ನಿಲ್ಲಿಸಿದ ಕಾರಿನಲ್ಲಿ ಕೂತು ಮಾತಾಡಿ. ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಅನ್ನುವ ಅನುಮಾನ ಇದ್ದರೆ ಬಾಯಿಗೆ ಬಂದದ್ದು ಅಲ್ಲೇ ನಿಲ್ಲುತ್ತದೆ.

ಮೊದಲ ಸೆಷನ್

ಸಾಮಾನ್ಯವಾಗಿ 45ರಿಂದ 60 ನಿಮಿಷ. ಮಲಗಿಕೊಂಡು ಮಾತಾಡುವ ಸೋಫಾ ಬಹುತೇಕ ಕಡೆ ಇರುವುದಿಲ್ಲ. ನಾನು ಹೋದ ಕಡೆ ಎರಡು ಮಾಮೂಲಿ ಕುರ್ಚಿ, ನಡುವೆ ಚಿಕ್ಕ ಮೇಜು, ಮೇಜಿನ ಮೇಲೆ ಟಿಶ್ಯೂ ಡಬ್ಬಿ, ನೀರಿನ ಲೋಟ. ಕುರ್ಚಿಗಳು ನೇರ ಎದುರುಬದುರು ಇರಲಿಲ್ಲ, ಸ್ವಲ್ಪ ಓರೆಯಾಗಿದ್ದವು. ಕಣ್ಣಿಗೆ ಕಣ್ಣು ಕೊಟ್ಟು ಮಾತಾಡಲು ಕಷ್ಟವಾದಾಗ ಕಿಟಕಿ ನೋಡಬಹುದಿತ್ತು. ಗಡಿಯಾರ ನನ್ನ ಬೆನ್ನ ಹಿಂದಿನ ಗೋಡೆಯಲ್ಲಿತ್ತು, ಅವರಿಗೆ ಮಾತ್ರ ಕಾಣುವ ಹಾಗೆ.

ಅವರು ಮೊದಲು ಗುಟ್ಟಿನ ಬಗ್ಗೆ ಹೇಳಬೇಕು, ಹೇಳದಿದ್ದರೆ ನೀವೇ ಕೇಳಿ. ಅಲ್ಲಿ ಆಡಿದ್ದು ಅಲ್ಲೇ ಉಳಿಯುತ್ತದೆ, ಆದರೆ ಕೆಲವು ಸಂದರ್ಭ ಬಿಟ್ಟು. ನಿಮ್ಮ ಜೀವಕ್ಕೋ ಬೇರೆಯವರ ಜೀವಕ್ಕೋ ಅಪಾಯ ಇದ್ದರೆ, ಮಗುವಿಗೆ ಹಿಂಸೆ ಆಗುತ್ತಿದ್ದರೆ, ಕೋರ್ಟ್ ಕೇಳಿದರೆ ಅವರು ಹೊರಗೆ ಹೇಳಬೇಕಾಗಬಹುದು. ಕಾನೂನು ದೇಶದಿಂದ ದೇಶಕ್ಕೆ ಬೇರೆ, ಹಾಗಾಗಿ ಬಾಯಿಬಿಟ್ಟು ಕೇಳಿ: 'ನಾನು ಹೇಳಿದ್ದನ್ನು ನೀವು ಯಾವಾಗ, ಯಾರಿಗೆ ಹೇಳುತ್ತೀರಿ? ಟಿಪ್ಪಣಿ ಬರೆದರೆ ಎಲ್ಲಿ ಇಡುತ್ತೀರಿ?'

ಆಮೇಲೆ ಪ್ರಶ್ನೆಗಳು. ಏನು ತೊಂದರೆ, ಯಾವಾಗ ಶುರು, ಮನೆಯಲ್ಲಿ ಯಾರ್ಯಾರು ಇದ್ದಾರೆ, ನಿದ್ದೆ ಹೇಗಿದೆ, ಕುಡಿತ ಇದೆಯಾ, ಮೊದಲು ಚಿಕಿತ್ಸೆ ತಗೊಂಡಿದ್ದೀರಾ, ಸಾಯುವ ಯೋಚನೆ ಬಂದಿತ್ತಾ. ಕೊನೆಯ ಪ್ರಶ್ನೆಯನ್ನು ಅವರು ಎಲ್ಲರಿಗೂ ಕೇಳುತ್ತಾರೆ, ಗಾಬರಿ ಬೇಡ.

ನಾನು ಮಾಡಿದ್ದು ಇಷ್ಟು. ನೋಟ್‌ಬುಕ್ ತೆಗೆದು 'ನನಗೆ ಹೇಳಲು ಬರುವುದಿಲ್ಲ, ಬರೆದುಕೊಂಡು ಬಂದಿದ್ದೇನೆ, ಓದಲಾ?' ಅಂದೆ. ಅವರು 'ಓದಿ' ಅಂದರು. ಮಂಗಳವಾರದ ಟಿಪ್ಪಣಿ ಓದುವಾಗ 'ಮೊಬೈಲ್ ಚಾರ್ಜ್ ಇರಲಿಲ್ಲವಂತೆ' ಅನ್ನುವಲ್ಲಿ ನನ್ನ ದನಿ ನಿಂತುಹೋಯಿತು. ಅಷ್ಟು ಸಣ್ಣ ವಿಷಯಕ್ಕೆ ಅಳು ಯಾಕೆ ಬಂತು ಅಂತ ನನಗೇ ತಿಳಿಯಲಿಲ್ಲ. ಅವರು ಸಮಾಧಾನ ಹೇಳಲಿಲ್ಲ, ಆತುರಪಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: 'ನಾಲ್ಕು ಸಲ ಅಳಿಸಿದಿರಲ್ಲ, ಆ ಮೆಸೇಜಿನಲ್ಲಿ ಏನಿತ್ತು?' ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಅದರಲ್ಲಿದ್ದದ್ದು ಒಂದೇ ಪದ, 'ಸಾರಿ'. ಯಾವ ತಪ್ಪಿಗೆ ಅಂತ ಗೊತ್ತಿಲ್ಲದ ಸಾರಿ. ಮುಂದಿನ ಹತ್ತು ಸೆಷನ್ ನಾವು ಕೆಲಸ ಮಾಡಿದ್ದು ಆ ಪದದ ಮೇಲೆ.

ಅಳು ಬಂದರೆ ಬರಲಿ. ಬರದಿದ್ದರೂ ಏನೂ ಕೊರತೆ ಇಲ್ಲ. ಒಂದು ವಿಷಯ ಹೇಳಲು ಮನಸ್ಸಿಲ್ಲದಿದ್ದರೆ 'ಇದರ ಬಗ್ಗೆ ಈಗ ಬೇಡ' ಅನ್ನಬಹುದು. ಮುಗಿಯುವ ಮೊದಲು ನೀವು ಮೂರು ಪ್ರಶ್ನೆ ಕೇಳಿ: ನನ್ನ ತೊಂದರೆ ನಿಮಗೆ ಹೇಗೆ ಕಾಣುತ್ತದೆ? ನಾವು ಏನು ಮಾಡುತ್ತೇವೆ? ಎಷ್ಟು ಸೆಷನ್ ಆದ ಮೇಲೆ ನಿಂತು ನೋಡೋಣ? ಸ್ಪಷ್ಟ ಉತ್ತರ ಕೊಡುವವರ ಹತ್ತಿರ ಎರಡನೇ ಸಲ ಹೋಗಿ.

ಹೊರಗೆ ಬಂದಾಗ ಹಗುರ ಅನ್ನಿಸಬಹುದು, ಸುಸ್ತೂ ಆಗಬಹುದು, 'ಅಷ್ಟೆಲ್ಲ ಯಾಕೆ ಹೇಳಿದೆ' ಅಂತ ನಾಚಿಕೆಯೂ ಆಗಬಹುದು. ಆದ್ದರಿಂದ ಸೆಷನ್ ಮುಗಿದ ಕೂಡಲೇ ಮೀಟಿಂಗ್ ಇಟ್ಟುಕೊಳ್ಳಬೇಡಿ. ಅರ್ಧ ಗಂಟೆ ನಡೆದುಕೊಂಡು ಹೋಗಿ.

ಒಳಗೆ ನಡೆಯುವುದೇನು?

ಸುಮ್ನೆ ಮಾತಾಡಿದರೆ ಏನು ಬಂತು ಅಂತ ಕೇಳುವವರು ಇದ್ದಾರೆ. ಈ ಪ್ರಶ್ನೆ ಹಳೆಯದು. 1880ರ ಆಸುಪಾಸಿನಲ್ಲಿ ವಿಯೆನ್ನಾದ ಡಾಕ್ಟರ್ ಯೋಸೆಫ್ ಬ್ರಾಯರ್ ಅವರ ಹತ್ತಿರ ಬರ್ತಾ ಪಾಪೆನ್‌ಹೈಮ್ ಅನ್ನುವ ಯುವತಿ ಚಿಕಿತ್ಸೆಗೆ ಬಂದಿದ್ದರು. ಮನಸ್ಸಿನಲ್ಲಿದ್ದದ್ದನ್ನು ಹೇಳಿಕೊಂಡಾಗ ಅವರಿಗೆ ಆಗಾಗ ಹಗುರವಾಗುತ್ತಿತ್ತು. ಈ 'ಮಾತಿನ ಚಿಕಿತ್ಸೆ' ಅನ್ನುವ ಹೆಸರು ಡಾಕ್ಟರ್ ಕೊಟ್ಟದ್ದಲ್ಲ, ಆಕೆಯೇ ಕೊಟ್ಟದ್ದು. ಹೊಗೆಗೂಡು ಗುಡಿಸಿದ ಹಾಗೆ ಅಂತಲೂ ಆಕೆ ಹೇಳುತ್ತಿದ್ದರು. ಆ ಚಿಕಿತ್ಸೆಯಿಂದಲೇ ಆಕೆ ಪೂರ್ತಿ ವಾಸಿಯಾಗಲಿಲ್ಲ, ಆಮೇಲೂ ಆಸ್ಪತ್ರೆ ಸೇರಬೇಕಾಯಿತು. ಆದರೆ ಮುಂದೆ ಹೆಣ್ಣುಮಕ್ಕಳಿಗಾಗಿ ಕೆಲಸ ಮಾಡಿ ದೊಡ್ಡ ಹೆಸರಾದರು.

ಅಲ್ಲಿಂದ ಇಲ್ಲಿವರೆಗೆ ದಾರಿಗಳು ಹಲವು ಹುಟ್ಟಿವೆ. ಹಳೆಯ ಸಂಬಂಧಗಳ ಗುರುತು ಇವತ್ತಿನ ನಡವಳಿಕೆಯಲ್ಲಿ ಹುಡುಕುವ ದಾರಿ, ಬ್ರಾಯರ್ ಅವರ ಜೊತೆ ಕೆಲಸ ಮಾಡಿದ ಡಾಕ್ಟರ್ ಸಿಗ್ಮಂಡ್ ಫ್ರಾಯ್ಡ್ ಕಡೆಯಿಂದ ಬಂದದ್ದು. ಅಮೆರಿಕದ ಮನಃಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಅವರದ್ದು ಕೇಳುವ ದಾರಿ. ತೀರ್ಪು ಕೊಡದೆ, ನಟಿಸದೆ, ಎದುರಿನವರ ಜಾಗದಲ್ಲಿ ನಿಂತು ಕೇಳಿದರೆ ಮನುಷ್ಯ ತನ್ನ ದಾರಿ ತಾನೇ ಕಂಡುಕೊಳ್ಳುತ್ತಾನೆ ಅಂತ ಅವರು ನಂಬಿದ್ದರು. ಸಂಬಂಧಗಳ ಬಿರುಕು, ಸಾವಿನ ದುಃಖ, ಬದುಕಿನ ದೊಡ್ಡ ಬದಲಾವಣೆಗಳ ಮೇಲೆ ಕೆಲಸ ಮಾಡುವ ಇಂಟರ್‌ಪರ್ಸನಲ್ ಥೆರಪಿ ಸಾಮಾನ್ಯವಾಗಿ 12ರಿಂದ 16 ಸೆಷನ್‌ನಲ್ಲಿ ಮುಗಿಯುತ್ತದೆ.

ನೀವು ಹೆಚ್ಚಾಗಿ ಕೇಳುವ ಹೆಸರು ಸಿಬಿಟಿ, ಅಂದರೆ ಯೋಚನೆ ಮತ್ತು ನಡವಳಿಕೆಯ ಮೇಲೆ ಕೆಲಸ ಮಾಡುವ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ. ಇದನ್ನು 1960ರ ದಶಕದಲ್ಲಿ ಕಟ್ಟಿದವರು ಅಮೆರಿಕದ ಮನೋವೈದ್ಯ ಆರನ್ ಬೆಕ್. ರೋಗಿಗಳು ಬಾಯಲ್ಲಿ ಹೇಳುತ್ತಿದ್ದ ಮಾತಿನ ಕೆಳಗೆ ಇನ್ನೊಂದು ಮಾತು ಓಡುತ್ತಿರುವುದನ್ನು ಅವರು ಗಮನಿಸಿದರು. ತಟ್ಟನೆ ಬಂದು ಹೋಗುವ, ಯಾರಿಗೂ ಹೇಳದ, ನಾವೇ ಗಮನಿಸದ ಯೋಚನೆಗಳು. ಅವನ್ನು ಹಿಡಿದು ಬೆಳಕಿಗೆ ತಂದು ನೋಡುವುದು ಈ ಕೆಲಸ. ನಾನು ಮಾಡಿದ ಒಂದು ಹಾಳೆಯನ್ನೇ ತೋರಿಸುತ್ತೇನೆ.

ಆಗಿದ್ದು: ಮೇಲಿನವರು 'ಸಂಜೆ 5ಕ್ಕೆ ನನ್ನ ಕೋಣೆಗೆ ಬನ್ನಿ' ಅಂತ ಮೆಸೇಜ್ ಕಳಿಸಿದರು. ತಟ್ಟನೆ ಬಂದ ಯೋಚನೆ: ಕೆಲಸದಿಂದ ತೆಗೆಯುತ್ತಾರೆ. ಎಷ್ಟು ನಂಬಿದೆ? ನೂರಕ್ಕೆ 90. ಮೈ: ಹೊಟ್ಟೆ ಕಿವುಚಿತು, ಅಂಗೈ ತಣ್ಣಗಾಯಿತು. ಅದು ನಿಜ ಅನ್ನಲು ಆಧಾರ: ಕಾರಣ ಬರೆದಿಲ್ಲ, ಹೋದ ವಾರ ಒಂದು ವರದಿ ತಡವಾಗಿತ್ತು. ಅಲ್ಲ ಅನ್ನಲು ಆಧಾರ: ತಡವಾದ ವರದಿಯ ಬಗ್ಗೆ ಅವತ್ತೇ ಮಾತಾಡಿ ಮುಗಿಸಿದ್ದರು. ಅವರು ಎಲ್ಲರಿಗೂ ಹೀಗೇ ಚುಟುಕಾಗಿ ಬರೆಯುತ್ತಾರೆ. ಮುಂದಿನ ತಿಂಗಳ ಕೆಲಸ ಆಗಲೇ ನನಗೆ ಹಂಚಿದ್ದಾರೆ. ಬೇರೆ ಏನಿರಬಹುದು? ಕೆಲಸದ ಮಾತು ಇರಬಹುದು. ಈಗ ಎಷ್ಟು ನಂಬುತ್ತೇನೆ? 40.

ಅವರು ಕರೆದಿದ್ದು ರಜೆ ಹೋಗುವವರ ಕೆಲಸ ನೋಡಿಕೊಳ್ಳುತ್ತೀರಾ ಅಂತ ಕೇಳಲು. ಆದರೆ ಈ ಹಾಳೆಯ ಲಾಭ ಅದಲ್ಲ. 90 ಇದ್ದದ್ದು 40 ಆಗಿದ್ದು ಕೋಣೆಗೆ ಹೋಗುವ ಮೊದಲೇ. ಸೊನ್ನೆ ಆಗಲಿಲ್ಲ, ಆಗಬೇಕಾಗಿಯೂ ಇಲ್ಲ. ಇದು 'ಒಳ್ಳೆಯದನ್ನೇ ಯೋಚಿಸು' ಅನ್ನುವ ಉಪದೇಶಕ್ಕಿಂತ ಬೇರೆ, ಎರಡೂ ಕಡೆಯ ಸಾಕ್ಷಿ ಕರೆಸಿ ಕೇಳುವ ಕೆಲಸ.

ಭಯದ ವಿಷಯದಲ್ಲಿ ಹಾಳೆ ಬರೆದರೆ ಸಾಲದು. ತಪ್ಪಿಸಿಕೊಂಡಷ್ಟೂ ಭಯ ಬೆಳೆಯುತ್ತದೆ. ಸಭೆಯಲ್ಲಿ ಮಾತಾಡಲು ಹೆದರುವವರು ಸಭೆ ತಪ್ಪಿಸಿದ ದಿನ ಹಾಯಾಗಿರುತ್ತಾರೆ, ಮುಂದಿನ ಸಭೆ ಇನ್ನೂ ದೊಡ್ಡದಾಗಿ ಕಾಣುತ್ತದೆ. ಆದ್ದರಿಂದ ಥೆರಪಿಸ್ಟ್ ಮೆಟ್ಟಿಲು ಮಾಡಿಕೊಡುತ್ತಾರೆ: ಮೊದಲು ಒಂದು ಪ್ರಶ್ನೆ ಕೇಳುವುದು, ಆಮೇಲೆ ಒಂದು ನಿಮಿಷ ಮಾತಾಡುವುದು, ಹೀಗೆ. ಏನೂ ಮಾಡಲು ಮನಸ್ಸಿಲ್ಲದ ಬೇಸರಕ್ಕೂ ದಾರಿ ಇದೇ ಜಾತಿಯದು. ಮನಸ್ಸು ಬರಲಿ ಅಂತ ಕಾಯದೆ ಸಣ್ಣ ಕೆಲಸಕ್ಕೆ ಹೊತ್ತು ಗೊತ್ತು ಮಾಡಿ ಮಾಡುವುದು. ಮನಸ್ಸು ಹಿಂದೆ ಬರುತ್ತದೆ.

ವಾರದಲ್ಲಿ ಒಂದು ಗಂಟೆ ಸೆಷನ್, ಉಳಿದ 167 ಗಂಟೆ ನಿಮ್ಮ ಕೈಯಲ್ಲಿ. ಕೊಟ್ಟ ಮನೆಗೆಲಸ ಮಾಡಿ. ಮಾಡದಿದ್ದರೆ ಮಾಡಿಲ್ಲ ಅಂತಲೇ ಹೇಳಿ. ಯಾಕೆ ಮಾಡಲು ಆಗಲಿಲ್ಲ ಅನ್ನುವುದರಲ್ಲೇ ಎಷ್ಟೋ ಸಲ ತೊಂದರೆಯ ಬೇರು ಸಿಗುತ್ತದೆ.

ಸರಿಹೋಗುತ್ತಿಲ್ಲ ಅನ್ನಿಸಿದರೆ

ನಾನು ಮೊದಲು ಹೋಗಿದ್ದು ಬೇರೊಬ್ಬರ ಹತ್ತಿರ. ಮಾತಿನ ನಡುವೆ ಫೋನ್ ನೋಡುತ್ತಿದ್ದರು. ಎರಡನೇ ಸಲ 'ನಿಮ್ಮಂಥವರಿಗೆ ಕಷ್ಟ ಅಂದರೇನು ಅಂತ ಗೊತ್ತಿಲ್ಲ' ಅಂದರು. ನಾನು ತಲೆ ಆಡಿಸಿ, ಥ್ಯಾಂಕ್ಸ್ ಹೇಳಿ ಬಂದೆ. ಮತ್ತೆ ಹೋಗಲಿಲ್ಲ. ಕೌನ್ಸೆಲಿಂಗ್ ಅಂದರೆ ಇಷ್ಟೇ ಅಂತ ತೀರ್ಮಾನಿಸಿದೆ. ಆ ಚೀಟಿ ಮೂರು ತಿಂಗಳು ಪರ್ಸಿನಲ್ಲೇ ಉಳಿಯಲು ಇದೂ ಒಂದು ಕಾರಣ. ಒಬ್ಬ ದರ್ಜಿ ಅಳತೆ ಕೆಡಿಸಿದ ಅಂತ ಬಟ್ಟೆ ಹೊಲಿಸುವುದನ್ನೇ ಬಿಡುವುದಿಲ್ಲವಲ್ಲ ಅಂತ ಆಗ ಹೇಳುವವರು ಯಾರೂ ಇರಲಿಲ್ಲ.

ಥೆರಪಿ ಯಾವ ದಾರಿಯದ್ದು ಅನ್ನುವಷ್ಟೇ ಮುಖ್ಯ ನಿಮ್ಮಿಬ್ಬರ ನಡುವಿನ ಹೊಂದಾಣಿಕೆ. ಎಡ್ವರ್ಡ್ ಬಾರ್ಡಿನ್ ಅನ್ನುವ ಮನಃಶಾಸ್ತ್ರಜ್ಞ 1979ರಲ್ಲಿ ಇದನ್ನು ಮೂರು ಭಾಗ ಮಾಡಿದರು: ಗುರಿಯ ಬಗ್ಗೆ ಒಪ್ಪಿಗೆ, ಮಾಡುವ ಕೆಲಸದ ಬಗ್ಗೆ ಒಪ್ಪಿಗೆ, ಇಬ್ಬರ ನಡುವಿನ ನಂಟು. ಏನೋ ಸರಿಯಿಲ್ಲ ಅನ್ನಿಸಿದಾಗ ಈ ಮೂರರಲ್ಲಿ ಯಾವುದು ಅಲುಗಾಡುತ್ತಿದೆ ಅಂತ ನೋಡಿ. ನನಗೆ ನಿದ್ದೆ ಸರಿಯಾಗಬೇಕು, ಅವರು ಮದುವೆಯ ವಿಷಯವನ್ನೇ ಎತ್ತುತ್ತಿದ್ದಾರೆ ಅಂದರೆ ಗುರಿ ಬೇರೆಯಾಗಿದೆ. ಹಾಳೆ ಬರೆಯುವುದು ನನಗೆ ಒಗ್ಗುತ್ತಿಲ್ಲ ಅಂದರೆ ಕೆಲಸದ ವಿಷಯ. ಅವರ ಎದುರು ನಾಟಕ ಮಾಡುತ್ತಿದ್ದೇನೆ ಅನ್ನಿಸಿದರೆ ನಂಟಿನದು.

ಈ ನಾಟಕ ಹೆಚ್ಚುಕಡಿಮೆ ಎಲ್ಲರೂ ಮಾಡುತ್ತಾರೆ. ಮ್ಯಾಟ್ ಬ್ಲಾಂಚರ್ಡ್ ಮತ್ತು ಬ್ಯಾರಿ ಫಾರ್ಬರ್ ಅನ್ನುವ ಸಂಶೋಧಕರು ಥೆರಪಿಗೆ ಹೋದ 547 ಜನರನ್ನು ಕೇಳಿದಾಗ ಶೇ. 93 ಮಂದಿ ಥೆರಪಿಸ್ಟ್‌ಗೆ ಯಾವುದಾದರೂ ಒಂದು ಸುಳ್ಳು ಹೇಳಿದ್ದೇವೆ ಅಂತ ಒಪ್ಪಿಕೊಂಡರು. ಅದರಲ್ಲಿ ಜಾಸ್ತಿ ಜನ ಹೇಳಿದ ಸುಳ್ಳು ಯಾವುದು ಗೊತ್ತಾ? ತಮಗೆ ಎಷ್ಟು ಕಷ್ಟವಾಗುತ್ತಿದೆ ಅನ್ನುವುದನ್ನು ಕಡಿಮೆ ಮಾಡಿ ಹೇಳಿದ್ದು. ದುಡ್ಡು ಕೊಟ್ಟು, ಸಮಯ ಮಾಡಿಕೊಂಡು ಹೋಗಿ, ಅಲ್ಲೂ 'ಪರವಾಗಿಲ್ಲ, ಚೆನ್ನಾಗಿದ್ದೇನೆ' ಅಂದು ಬರುತ್ತೇವೆ. ನನ್ನ ಮಟ್ಟಿಗೆ ಥೆರಪಿಯಲ್ಲಿ ತಿರುವು ಬಂದದ್ದು ಆರನೇ ಸೆಷನ್‌ನಲ್ಲಿ. 'ಹೋದ ವಾರ ನೀವು ಹೇಳಿದ್ದು ನನಗೆ ನೋವಾಯಿತು. ಆದರೆ ನಿಮಗೆ ಬೇಜಾರಾಗುತ್ತದೆ ಅಂತ ಹೇಳಲಿಲ್ಲ' ಅಂದೆ. ಅವರು ಪೆನ್ನು ಕೆಳಗಿಟ್ಟು, 'ಹೇಳಿದ್ದು ಒಳ್ಳೆಯದಾಯಿತು. ಯಾವ ಮಾತು?' ಅಂದರು. ಹೊರಗೆ ಯಾರ ಹತ್ತಿರವೂ ಮಾಡಲು ಆಗದೇ ಇದ್ದದ್ದನ್ನು ನಾನು ಮೊದಲು ಮಾಡಿದ್ದು ಆ ಕೋಣೆಯಲ್ಲಿ.

ಹಾಗಾಗಿ ಬಿಡುವ ಮೊದಲು ಒಮ್ಮೆ ಹೇಳಿ ನೋಡಿ. ಒಳ್ಳೆಯವರು ಕೇಳಿಸಿಕೊಂಡು ಬದಲಾಯಿಸಿಕೊಳ್ಳುತ್ತಾರೆ. ಸಮರ್ಥನೆಗೆ ಇಳಿದರೆ, ನಿಮ್ಮದೇ ತಪ್ಪು ಅಂದರೆ ಬೇರೆಯವರನ್ನು ನೋಡಿ. ಕೆಲವು ವಿಷಯಗಳಲ್ಲಿ ಮಾತ್ರ ಎರಡನೇ ಅವಕಾಶ ಬೇಡ: ಮೈ ಮುಟ್ಟುವುದು, ಲೈಂಗಿಕ ಮಾತು, ಹೊರಗೆ ಭೇಟಿಗೆ ಕರೆಯುವುದು, ನಿಮ್ಮ ಹತ್ತಿರ ಸಾಲ ಕೇಳುವುದು, ಇನ್ನೊಬ್ಬರ ಗುಟ್ಟನ್ನು ನಿಮಗೆ ಹೇಳುವುದು. ಎದ್ದು ಬನ್ನಿ. ಅವರ ನೋಂದಣಿ ಇರುವ ಸಂಸ್ಥೆಗೆ ದೂರು ಕೊಡುವ ಹಕ್ಕು ನಿಮಗಿದೆ.

ಎಷ್ಟು ದಿನ ಕಾಯಬೇಕು? 1986ರಲ್ಲಿ ಮನಃಶಾಸ್ತ್ರಜ್ಞ ಕೆನೆತ್ ಹೊವರ್ಡ್ ಮತ್ತು ಜೊತೆಗಾರರು ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. 8 ಸೆಷನ್ ಹೊತ್ತಿಗೆ ಸುಮಾರು ಅರ್ಧದಷ್ಟು ಜನರಲ್ಲಿ, 26ರ ಹೊತ್ತಿಗೆ ಸುಮಾರು ಮುಕ್ಕಾಲು ಪಾಲು ಜನರಲ್ಲಿ ಸುಧಾರಣೆ ಕಂಡಿತ್ತು. ನಾಲ್ಕನೇ ಸೆಷನ್‌ಗೆ ಏನೂ ಆಗಿಲ್ಲ ಅಂತ ಬಿಡುವುದು ಆತುರ. ಹತ್ತಾದರೂ ಒಂದಿಷ್ಟೂ ಬದಲಾವಣೆ ಇಲ್ಲದಿದ್ದರೆ ಕುಳಿತು ಮಾತಾಡಬೇಕು. ಕೆಲವರಿಗೆ ಥೆರಪಿಯಲ್ಲಿ ಸ್ಥಿತಿ ಕೆಡುವುದೂ ಉಂಟು. ಹಳೆಯ ನೋವು ತೆಗೆದಾಗ ಒಂದೆರಡು ವಾರ ಕಲಕುವುದು ಸಹಜ, ವಾರ ವಾರವೂ ಕೆಳಗೇ ಇಳಿಯುತ್ತಿದ್ದರೆ ಅದು ಸಹಜವಲ್ಲ. ಪಿಎಚ್‌ಕ್ಯೂ-9 ಮತ್ತೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ತಿಂಗಳಿಗೊಮ್ಮೆ ತುಂಬಿ, ಅಂಕ ಬರೆದಿಟ್ಟು, ಇಬ್ಬರೂ ಒಟ್ಟಿಗೆ ನೋಡಿ.

ಮನೆಯವರಿಗೆ ಹೇಳಬೇಕಾ?

ಹೇಳಲೇಬೇಕು ಅಂತೇನಿಲ್ಲ. ಹೇಳಿದರೆ ಆಸರೆ ಆಗುವವರಿಗೆ ಮೊದಲು ಹೇಳಿ. 'ನಿದ್ದೆ, ಒತ್ತಡದ ವಿಷಯಕ್ಕೆ ಒಬ್ಬರನ್ನು ನೋಡುತ್ತಿದ್ದೇನೆ' ಅಂದರೆ ಸಾಕು. 'ಹುಚ್ಚಾ ನಿನಗೆ?' ಅನ್ನುವವರ ಜೊತೆ ವಾದಕ್ಕೆ ಇಳಿಯುವಷ್ಟು ಶಕ್ತಿ ಆ ದಿನಗಳಲ್ಲಿ ಇರುವುದಿಲ್ಲ, ಅದನ್ನು ಆಮೇಲೆ ನೋಡಿಕೊಳ್ಳಬಹುದು. ಒಳಗೆ ಏನು ಮಾತಾಡಿದಿರಿ ಅಂತ ಕೇಳಿದರೆ ಹೇಳದೆ ಇರುವುದು ನಿಮ್ಮ ಹಕ್ಕು.

ಮುಗಿಸುವುದು

ಒಂದು ದಿನ ಹೇಳಲು ಹೊಸದೇನೂ ಇರುವುದಿಲ್ಲ. ಅಥವಾ ತೊಂದರೆ ಬಂದಾಗ ಥೆರಪಿಸ್ಟ್ ಕೇಳುವ ಪ್ರಶ್ನೆಯನ್ನು ನೀವೇ ಕೇಳಿಕೊಂಡಿರುತ್ತೀರಿ. ಆಗ ಫೋನ್ ಎತ್ತದೆ ಮಾಯವಾಗಬೇಡಿ. 'ಮುಗಿಸೋಣ ಅನ್ನಿಸುತ್ತಿದೆ' ಅಂತ ಹೇಳಿ. ವಾರಕ್ಕೊಮ್ಮೆ ಇದ್ದದ್ದನ್ನು ಎರಡು ವಾರಕ್ಕೊಮ್ಮೆ, ತಿಂಗಳಿಗೊಮ್ಮೆ ಮಾಡಿ ನೋಡಿ. ಕೊನೆಯ ಸೆಷನ್‌ನಲ್ಲಿ ಇಬ್ಬರೂ ಕೂತು ಒಂದು ಹಾಳೆ ಬರೆಯಿರಿ: ಮತ್ತೆ ತೊಂದರೆ ಶುರುವಾದರೆ ಮೊದಲು ಕಾಣುವ ಗುರುತು ಯಾವುದು, ಆಗ ನಾನು ಮಾಡುವ ಮೂರು ಕೆಲಸ ಯಾವುವು, ಯಾವ ಹಂತ ದಾಟಿದರೆ ಮತ್ತೆ ಬರುತ್ತೇನೆ. ನನ್ನ ಹಾಳೆಯ ಮೊದಲ ಸಾಲು: 'ಯಾವ ತಪ್ಪಿಗೆ ಅಂತ ಗೊತ್ತಿಲ್ಲದೆ ಸಾರಿ ಟೈಪ್ ಮಾಡಿದರೆ, ಕಳಿಸುವ ಮೊದಲು ಫೋನ್ ಕೆಳಗಿಡು, ಹತ್ತು ನಿಮಿಷ ಬಿಟ್ಟು ನೋಡು.' ಆ ಹಾಳೆ ಈಗ ಪರ್ಸಿನಲ್ಲಿದೆ, ಮೊದಲು ಚೀಟಿ ಇದ್ದ ಜಾಗದಲ್ಲಿ.